ಯಾರ ಜಗಲಿಗೆ ಎಷ್ಟು ಜನ

ಕಳೆದ ಭಾನುವಾರ ಅಪ್ಪಯ್ಯ ಫೋನ್ ಮಾಡಿದ್ರು. ಅಡಿಕೆ ರೇಟು, ಕೊಳೆರೋಗ, ಎಲೆಚುಕ್ಕಿ, ಯಾರ ಮನೆ ಮದುವೆ, ಎಲ್ಲ ಆದ್ಮೇಲೆ ಒಂದು ಪ್ರಶ್ನೆ ಬಂತು, "ಅಲ್ಲಿ ಹೊರಗಿನವ್ರು ಬಂದು ತುಂಬ್ಕೊಂಡಿದಾರಂತಲ್ಲೋ, ವಾಟ್ಸಾಪಲ್ಲಿ ವಿಡಿಯೋ ಬಂದಿತ್ತು, ಜರ್ಮನಿಯವ್ರು ಎಂತಕ್ಕೆ ಸುಮ್ನಿದಾರೆ ಮಾರಾಯ?" ಅಪ್ಪಯ್ಯ, ಆ ಹೊರಗಿನವ್ರಲ್ಲಿ ನಾನೂ ಒಬ್ಬ ಅಂದೆ. "ನಿಂದು ಬೇರೆ ಬಿಡು, ನೀನು ಕೆಲಸಕ್ಕೆ ಹೋಗಿದ್ದು" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ, ಲೈನ್ ಕಟ್ಟಾಯ್ತು ಅಂದ್ಕೊಂಡೆ, ಅಷ್ಟರಲ್ಲಿ ಅವ್ರೇ, "ನಾವೂ ಒಂದು ಕಾಲಕ್ಕೆ ಹೊರಗಿನವ್ರೇ ಆಗಿದ್ವಲ್ಲ" ಅಂದ್ರು.

ನಮ್ಮದು ಮುಳುಗಡೆ ಮನೆ. ಸಾಗರ, ಹೊಸನಗರ ಕಡೆಯವ್ರಿಗೆ ಇಷ್ಟು ಹೇಳಿದ್ರೆ ಸಾಕು, ಉಳಿದವ್ರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಯ್ತು, ಶರಾವತಿ ಹಿನ್ನೀರು ಏರ್ತಾ ಏರ್ತಾ ಗದ್ದೆ, ತೋಟ, ದೇವಸ್ಥಾನ ಎಲ್ಲ ಒಳಗೆ ಹೋಯ್ತು, ಇಡೀ ರಾಜ್ಯಕ್ಕೆ ಕರೆಂಟ್ ಬಂತು, ನಮ್ಮಜ್ಜನ ಮನೆಯವ್ರನ್ನ ಲಾರಿ ಹತ್ತಿಸಿ ಶಿವಮೊಗ್ಗ ತಾಲೂಕಿನ ಒಂದು ಕಾಡಂಚಿಗೆ ತಂದು ಇಳಿಸಿದ್ರು. ಅಪ್ಪಯ್ಯಂಗೆ ಆಗ ಏಳು ವರ್ಷ. ಲಾರಿಲಿ ಏನೇನಿತ್ತು ಅಂತ ಇವತ್ತಿಗೂ ಒಂದೊಂದಾಗಿ ಹೇಳ್ತಾರೆ: ಎರಡು ದನ, ತಾಮ್ರದ ಹಂಡೆ, ಹಳೇ ಮನೆಯಿಂದ ಕಿತ್ತು ತಂದ ಬಾಗಿಲು, ಒಂದು ಗೋಣಿ ಬೀಜದ ಭತ್ತ. ಇಳಿದ ಊರವ್ರು ಕೆಟ್ಟವ್ರೇನಲ್ಲ, ಮೊದಲ ಮಳೆಗಾಲಕ್ಕೆ ಮಾಡಿಗೆ ಸೋಗೆ ಕೊಟ್ಟಿದಾರೆ, ಮಜ್ಜಿಗೆ ಕೊಟ್ಟಿದಾರೆ, ಆದ್ರೆ ಹೆಸರು ಮಾತ್ರ ಮುಳುಗಡೆಯವ್ರು ಅಂತ ಇಟ್ಟಿದ್ದು ಇನ್ನೂ ಹೋಗಿಲ್ಲ. ಅಣ್ಣನ ಮಗಳನ್ನೂ ಶಾಲೇಲಿ ಹಾಗೇ ಕರೀತಿದ್ರಂತೆ. ಅವಳು ಹುಟ್ಟಿದ್ದು 2011ರಲ್ಲಿ, ಡ್ಯಾಂ ನೋಡಿದ್ದೇ ಸ್ಕೂಲ್ ಟ್ರಿಪ್ಪಲ್ಲಿ.

ಜಾಗ ಕೊಟ್ರು, ಕಾಗದ ಕೊಡ್ಲಿಲ್ಲ. ಅರವತ್ತು ವರ್ಷದಿಂದ ನಮ್ಮನೆಯವ್ರು ಉತ್ತು ಬಿತ್ತಿದ ನೆಲ ದಾಖಲೆಯಲ್ಲಿ ಇವತ್ತಿಗೂ ಕಾಡು. ಹಕ್ಕುಪತ್ರಕ್ಕೆ ಅಂತ ಅಜ್ಜ ಒಂದು ಫೈಲ್ ಮಾಡಿದ್ರು, ಅವ್ರು ತೀರ್ಕೊಂಡ್ರು, ಫೈಲು ಅಪ್ಪಯ್ಯಂಗೆ ಬಂತು, ಇನ್ನು ಕೆಲವು ವರ್ಷಕ್ಕೆ ಅಣ್ಣಂಗೆ ಬರುತ್ತೆ. ನಮ್ಮೊಬ್ಬರದ್ದೇ ಕಥೆ ಅಲ್ಲ ಇದು, ಶರಾವತಿ ಸಂತ್ರಸ್ತರ ಭೂಮಿ ವಿಷಯ ಪ್ರತಿ ಚುನಾವಣೆಗೂ ಬರುತ್ತೆ, ಪಾದಯಾತ್ರೆ ಆಗುತ್ತೆ, ಅರಣ್ಯ ಕಾಯ್ದೆ ಅಡ್ಡ ಬಂತು ಅಂತಾರೆ, ಕೋರ್ಟಿಗೆ ಹೋಗುತ್ತೆ, ವಾಪಸ್ ಬರುತ್ತೆ.

ನಮ್ಮಜ್ಜ ನಿರಾಶ್ರಿತರಾ ಅಂದ್ರೆ ಕಾನೂನಿನ ಲೆಕ್ಕದಲ್ಲಿ ಅಲ್ಲ. 1951ರ ಜಿನೀವಾ ಒಪ್ಪಂದ ಹೇಳೋ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಒಂದು ಸಾಮಾಜಿಕ ಗುಂಪಿಗೆ ಸೇರಿರೋದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದು ಕಾರಣಕ್ಕೆ ಹಿಂಸೆ ಆಗುತ್ತೆ ಅನ್ನೋ ಸಕಾರಣ ಭಯದಿಂದ ಸ್ವಂತ ದೇಶದ ಹೊರಗಿರೋನು ನಿರಾಶ್ರಿತ. ಗಡಿ ದಾಟಿರ್ಬೇಕು. ಹೊಳೆ ನೀರು ಅಟ್ಟಿಸ್ಕೊಂಡು ಬಂದ್ರೆ, ಅದೂ ನಿಮ್ಮದೇ ಸರ್ಕಾರ ಬಿಟ್ಟ ನೀರಾದ್ರೆ, ಲೆಕ್ಕಕ್ಕಿಲ್ಲ. ಎರಡನ್ನೂ ಒಂದೇ ಅಂತ ನಾನೂ ಹೇಳ್ತಿಲ್ಲ. ಬಾಂಬ್ ಬಿದ್ದು ಓಡಿ ಬಂದವ್ರ ಮುಂದೆ ನಮ್ಮದೂ ಕಷ್ಟ ಅಂತ ಕೂತ್ರೆ ನಾಚಿಕೆ ಆಗ್ಬೇಕು. ಆದ್ರೆ ಇಲ್ಲಿಗೆ ಬಂದ್ಮೇಲೆ ನಿರಾಶ್ರಿತರ ವಿಷಯ ಓದ್ತಾ, ನೋಡ್ತಾ ಇದ್ದಾಗೆಲ್ಲ ನಂಗೆ ಆ ಫೈಲೇ ನೆನಪಾಗೋದು. ಹೊರೆ ಯಾರು ಹೊತ್ರು, ಲಾಭ ಯಾರಿಗಾಯ್ತು, ಕಾಗದ ಯಾರ ಕೈಲಿದೆ, ಎರಡು ಕಡೆನೂ ಪ್ರಶ್ನೆ ಅದೇ.

ನಾನಿರೋದು ಎರ್ಲಾಂಗನ್ ಅನ್ನೋ ಊರಲ್ಲಿ. ನ್ಯೂರೆನ್‌ಬರ್ಗ್ ಪಕ್ಕ, ಶಿವಮೊಗ್ಗಕ್ಕೆ ಭದ್ರಾವತಿ ಎಷ್ಟು ದೂರವೋ ಹೆಚ್ಚೂಕಮ್ಮಿ ಅಷ್ಟೇ. ಇಲ್ಲಿ ಶನಿವಾರ ಕ್ರಿಕೆಟ್ ಆಡ್ತೀವಿ. ಜರ್ಮನಿಲಿ ಕ್ರಿಕೆಟ್ಟಾ ಅಂತ ನಗಬೇಡಿ, 2015ರ ನಂತರ ಅಫ್ಘಾನಿ ಹುಡುಗ್ರು ಬಂದಿದ್ದೇ ಬಂದಿದ್ದು, ಸಣ್ಣ ಸಣ್ಣ ಊರಲ್ಲೂ ಟೀಮ್ ಆದ್ವು. ನಮ್ಮ ಟೀಮಲ್ಲಿ ಅರ್ಧ ಸಾಫ್ಟ್‌ವೇರಿನ ನಾವು, ಹೊಟ್ಟೆ ಬಿಟ್ಕೊಂಡು ಸ್ಲಿಪ್ಪಲ್ಲಿ ನಿಲ್ಲೋರು, ಇನ್ನರ್ಧ ಅವ್ರು, ನಿಜವಾಗ್ಲೂ ಆಡೋರು. ಅದ್ರಲ್ಲಿ ಒಬ್ಬ ಲೆಗ್‌ಸ್ಪಿನ್ನರ್ ಹುಡುಗ ನಂಗೆ ತುಂಬ ಹತ್ತಿರ ಆದ. ನಂದು ಬ್ಲೂ ಕಾರ್ಡು, ಅಂದ್ರೆ ಕೆಲಸಕ್ಕೆ ಬಂದವ್ರಿಗೆ ಕೊಡೋ ಪರವಾನಗಿ, ಅವಂದು ಅರ್ಜಿ ವಿಚಾರಣೆಲಿದೆ ಅನ್ನೋ ಒಂದು ಮಡಚಿದ ಹಾಳೆ. ನಮ್ಮೂರಿರೋ ಬವೇರಿಯಾ ರಾಜ್ಯದಲ್ಲಿ ಈಗ ಇವ್ರಿಗೆ ಕೈಗೆ ದುಡ್ಡು ಕೊಡೋ ಬದ್ಲು ಪೇಮೆಂಟ್ ಕಾರ್ಡ್ ಕೊಡ್ತಾರೆ, ತಿಂಗಳಿಗೆ 50 ಯೂರೋ ಮಾತ್ರ ನಗದು ತೆಗೀಬಹುದು. ಹಾಗಾಗಿ ನಮ್ಮ ಟೀಮಿನ ಬಾಲ್ ಚಂದಾ ಅವನ ಹತ್ರ ನಾವು ಕೇಳಲ್ಲ. ಅವನು ಅದಕ್ಕೆ ಬದ್ಲು ಮನೇಲಿ ಮಾಡಿದ ರೊಟ್ಟಿ ತರ್ತಾನೆ, ನಾವು ತಿಂತೀವಿ, ಲೆಕ್ಕ ಚುಕ್ತಾ.

ಅಸೈಲಂ, ಅಂದ್ರೆ ಬೇರೆ ದೇಶದಲ್ಲಿ ಆಶ್ರಯ, ಕೇಳೋದು ಹೇಗಿರುತ್ತೆ ಅಂತ ನಂಗೆ ಗೊತ್ತಾಗಿದ್ದೇ ಅವನಿಂದ. ಬೆರಳಚ್ಚು ತಗೋತಾರೆ, ಅದು ಯುರೋಪಿಯನ್ ಯೂನಿಯನ್ ದೇಶಗಳು ಹಂಚ್ಕೊಳ್ಳೋ ಕಂಪ್ಯೂಟರಿಗೆ ಹೋಗುತ್ತೆ, ಆಮೇಲೊಂದು ದಿನ ಕೂರಿಸಿ ಪೂರ್ತಿ ಕಥೆ ಕೇಳ್ತಾರೆ, ದುಭಾಷಿ ಪಕ್ಕದಲ್ಲಿ. ಎಲ್ಲಾ ನಿಂತಿರೋದು ಆ ಒಂದು ದಿನದ ಮಾತಿನ ಮೇಲೆ. ಹೇಳಿದ ತಾರೀಖು ಹಿಂದೆ ಮುಂದೆ ಆದ್ರೆ ಅನುಮಾನ. ಪ್ರೂಫ್ ಇದೆಯಾ ಅಂತಾರೆ. ನಿನ್ನ ಕೊಲ್ತೀನಿ ಅಂದವ್ನು ಲೆಟರ್‌ಹೆಡ್ಡಲ್ಲಿ ಬರೆದು ಸಹಿ ಹಾಕಿ ಕೊಡ್ತಾನಾ? ಆದ್ರೆ ಇನ್ನೊಂದು ಕಡೆಯಿಂದ ನೋಡಿದ್ರೆ, ಎದುರಿಗೆ ಕೂತ ಆಫೀಸರ್ ಇನ್ನೇನು ಕೇಳ್ಬೇಕು, ಅವ್ನಿಗೂ ಇರೋದು ಅದೊಂದೇ ದಾರಿ. ಕೇಸ್ ಬಿದ್ದು ಹೋದ್ರೂ ವಾಪಸ್ ಕಳಿಸೋಕಾಗದೆ ಉಳಿದವ್ರಿಗೆ ಡುಲ್ಡುಂಗ್ ಅಂತ ಒಂದು ಕಾಗದ ಕೊಡ್ತಾರೆ. ಶಬ್ದದ ಅರ್ಥವೇ ಸಹಿಸ್ಕೊಳ್ಳೋದು ಅಂತ. ಸರ್ಕಾರಿ ಸೀಲ್ ಒತ್ತಿ ನಿನ್ನನ್ನ ಸಹಿಸ್ಕೊಂಡಿದೀವಿ ಅಂತ ಬರೆದು ಕೊಡೋ ದೇಶ ನಾನು ಬೇರೆ ನೋಡಿಲ್ಲ, ಪ್ರಾಮಾಣಿಕತೆ ಅಂತೂ ಮೆಚ್ಚಬೇಕು!

ಈಗ ನಮ್ಮ ಕಡೆ ರೀತಿ ನೋಡಿ. ಕನ್ನಡದವ್ರು ಈ ವಿಷಯದಲ್ಲಿ ಎದೆ ತಟ್ಕೊಂಡು ಹೇಳ್ಬಹುದಾದ ಒಂದು ಕೆಲಸ ಮಾಡಿದೀವಿ, ಅದು ಟಿಬೆಟಿಯನ್ನರದ್ದು. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ್ಮೇಲೆ ಹಿಂದೆ ಬಂದ ಜನಕ್ಕೆ ಜಾಗ ಬೇಕಿತ್ತು, ಮೈಸೂರು ರಾಜ್ಯ ಕೊಡ್ತು. 1961ರಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡು, ಆಮೇಲೆ ಹುಣಸೂರು, ಕೊಳ್ಳೇಗಾಲ. ಮುಂಡಗೋಡಿನದ್ದೇ ಸುಮಾರು 4000 ಎಕರೆ. ಆಗ ಮುಖ್ಯಮಂತ್ರಿ ಆಗಿದ್ದ ನಿಜಲಿಂಗಪ್ಪನವ್ರ ಹೆಸರು ಆ ಹಿರಿಯರು ಇವತ್ತಿಗೂ ಗೌರವದಿಂದ ಹೇಳ್ತಾರೆ. ಹಿಮದಲ್ಲಿ ಬಾರ್ಲಿ ಬೆಳೀತಿದ್ದವ್ರು ಬಂದು ಮುಂಡಗೋಡಿನ ಮಳೇಲಿ ಜೋಳ ಹಾಕಿದ್ರು, ಮಠ ಕಟ್ಟಿದ್ರು, ಚಳಿಗಾಲ ಬಂದ್ರೆ ಶಿವಮೊಗ್ಗಕ್ಕೆ ಬಂದು ಸ್ವೆಟರ್ ಅಂಗಡಿ ಹಾಕ್ತಾರೆ. ನಾನು ಹೈಸ್ಕೂಲಿಗೆ ಹಾಕ್ಕೊಂಡು ಹೋಗ್ತಿದ್ದ ನೀಲಿ ಸ್ವೆಟರ್ ಅಂಥದ್ದೇ ಅಂಗಡಿದು, ಆ ಅಮ್ಮ ನನ್ನ ಅಮ್ಮನ ಹತ್ರ ನಮ್ಮಷ್ಟೇ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡ್ತಿದ್ರು. ಅಷ್ಟೇ ಅಲ್ಲ, ಸಿಂಧನೂರಿನಲ್ಲಿ ಪೂರ್ವ ಬಂಗಾಳದಿಂದ ಬಂದವ್ರ ಕ್ಯಾಂಪುಗಳಿವೆ, ಸುಳ್ಯ ಪುತ್ತೂರಿನ ರಬ್ಬರ್ ತೋಟಗಳಲ್ಲಿ ಎರಡೂ ದೇಶದ ಪ್ರಧಾನಿಗಳು ಮಾಡ್ಕೊಂಡ ಶಾಸ್ತ್ರಿ ಸಿರಿಮಾವೋ ಒಪ್ಪಂದದ ಮೇಲೆ ಸಿಲೋನಿಂದ ಬಂದ ತಮಿಳರಿದಾರೆ.

ಇಷ್ಟೆಲ್ಲ ಮಾಡಿದ ದೇಶ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. 1967ರ ತಿದ್ದುಪಡಿ ಒಪ್ಪಂದಕ್ಕೂ ಇಲ್ಲ. ನಿರಾಶ್ರಿತ ಅಂದ್ರೆ ಯಾರು ಅಂತ ಹೇಳೋ ಒಂದು ಕಾನೂನೂ ನಮ್ಮಲ್ಲಿಲ್ಲ. ಟಿಬೆಟ್ ಮತ್ತು ಶ್ರೀಲಂಕಾದವ್ರನ್ನ ಸರ್ಕಾರ ನೋಡ್ಕೊಳ್ಳುತ್ತೆ, ಅಫ್ಘಾನ್, ಬರ್ಮಾ ಕಡೆಯಿಂದ ಬಂದವ್ರಿಗೆ ದೆಹಲಿಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಏಜೆನ್ಸಿ ಕಾರ್ಡ್ ಕೊಡುತ್ತೆ, ಆದ್ರೆ ಪೊಲೀಸ್ ಹಿಡಿದ್ರೆ ಕಾನೂನಿನ ಕಣ್ಣಲ್ಲಿ ಇಬ್ರೂ ವಿದೇಶಿಯರೇ. 1996ರಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರ ಕೇಸಲ್ಲಿ ಸುಪ್ರೀಂ ಕೋರ್ಟ್, ಜೀವದ ಹಕ್ಕು ಕೊಡೋ ಸಂವಿಧಾನದ 21ನೇ ವಿಧಿ ನಾಗರಿಕರಿಗಷ್ಟೇ ಅಲ್ಲ, ಈ ನೆಲದ ಮೇಲಿರೋ ಪ್ರತಿ ಮನುಷ್ಯನಿಗೂ ಅನ್ವಯ ಅಂದಿದ್ದು ದೊಡ್ಡ ಆಸರೆ. ಬಿಟ್ರೆ ಉಳಿದಿದ್ದೆಲ್ಲ ಆಯಾ ಕಾಲದ ಸರ್ಕಾರದ ಮನಸ್ಸು. ಮುಂಡಗೋಡಲ್ಲೇ ಹುಟ್ಟಿ ಕನ್ನಡ ಮೀಡಿಯಂ ಓದಿದ ಟಿಬೆಟಿಯನ್ ಹುಡುಗನೂ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಅಂತ ವಿದೇಶಿಯ ಪುಸ್ತಕ ಇಟ್ಕೊಂಡು ರಿನ್ಯೂ ಮಾಡಿಸ್ತಿರ್ಬೇಕು. 1987ರ ಜುಲೈ ಒಳಗೆ ಇಲ್ಲಿ ಹುಟ್ಟಿದವ್ರು ಹುಟ್ಟಿನಿಂದಲೇ ನಾಗರಿಕರು ಅಂತ 2010ರಲ್ಲಿ ದೆಹಲಿ ಹೈಕೋರ್ಟ್ ಹೇಳ್ಬೇಕಾಯ್ತು, ಅದೂ ಒಬ್ಬ ಹೆಣ್ಣುಮಗಳು ಕೋರ್ಟಿಗೆ ಹೋದ್ಮೇಲೆ. ಅವ್ರು ಉಳೋ ನೆಲ ಅವ್ರ ಹೆಸರಿಗಿಲ್ಲ. ಇದನ್ನ ಮೊದಲ ಸಲ ಓದಿದಾಗ ನಂಗೆ ನಗು ಬಂತು, ಅರೆ ಇವ್ರೂ ನಮ್ಮ ಮುಳುಗಡೆಯವ್ರ ಥರಾನೇ ಅಂತ.

ಅಂದ್ರೆ ನಮ್ಮದು ಜಗಲಿ ರೀತಿ. ಮಲೆನಾಡಿನ ಮನೆ ಜಗಲಿಗೆ ಯಾರು ಬೇಕಾದ್ರೂ ಬಂದು ಕೂರ್ಬಹುದು, ಮಳೆ ಜೋರಾಗಿದ್ರೆ ಯಾರೂ ಏಳು ಅನ್ನಲ್ಲ, ಬೆಲ್ಲ ನೀರು ಕೊಡ್ತೀವಿ, ಊಟದ ಹೊತ್ತಾದ್ರೆ ಊಟನೂ ಆಗುತ್ತೆ. ಆದ್ರೆ ಒಳಗೆ ಬರೋದು ಬೇರೆ ವಿಷಯ, ಎಷ್ಟು ದಿನ ಅನ್ನೋದೂ ಬೇರೆ ವಿಷಯ, ಮನೆ ಯಜಮಾನ ಬದಲಾದ್ರೆ ಜಗಲಿಯ ಕಾನೂನೂ ಬದಲಾಗುತ್ತೆ. ಜರ್ಮನಿಯದ್ದು ಕಾಗದದ ರೀತಿ. ರಾಜಕೀಯ ಕಾರಣಕ್ಕೆ ಹಿಂಸೆಗೊಳಗಾದವ್ರಿಗೆ ಆಶ್ರಯದ ಹಕ್ಕಿದೆ ಅಂತ 1949ರ ಸಂವಿಧಾನದಲ್ಲೇ ಬರ್ಕೊಂಡ್ರು. ಎಂತಕ್ಕೆ ಅಂದ್ರೆ ಹತ್ತು ವರ್ಷ ಮುಂಚೆ ತಾವೇ ಅಟ್ಟಿಸಿದ ಯಹೂದಿಗಳಿಗೆ ಜಗತ್ತು ಬಾಗಿಲು ಹಾಕಿದ್ದನ್ನ ನೋಡಿದ್ರು. 1938ರ ಜುಲೈಯಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸೇರಿ ಯಾರು ಎಷ್ಟು ಜನರನ್ನ ತಗೋತೀರಿ ಅಂತ ಮೀಟಿಂಗ್ ಮಾಡಿ ಎಲ್ರೂ ಅಯ್ಯೋ ಪಾಪ ಅಂದು ಎದ್ದು ಹೋದ್ರು, ಡೊಮಿನಿಕನ್ ಗಣರಾಜ್ಯ ಒಂದು ಬಿಟ್ರೆ ದೊಡ್ಡ ಸಂಖ್ಯೆ ಒಪ್ಕೊಂಡವ್ರೇ ಇಲ್ಲ. ಇವತ್ತು ಜರ್ಮನಿಯ ವಲಸೆ ಮತ್ತು ನಿರಾಶ್ರಿತರ ಕಚೇರಿ ಇರೋದು ನ್ಯೂರೆನ್‌ಬರ್ಗಲ್ಲಿ, ಹಿಟ್ಲರನ ಎಸ್ಎಸ್ ಪಡೆಗೆ ಕಟ್ಟಿದ್ದ ಹಳೇ ಬ್ಯಾರಕ್ಕಲ್ಲಿ. ಟ್ರಾಮಲ್ಲಿ ಅದರ ಮುಂದೆ ಹೋಗುವಾಗ ಪ್ರತಿ ಸಲ ನೋಡ್ತೀನಿ.

ಕಾಗದದ ರೀತಿಗೂ ಅದರದ್ದೇ ರೋಗ ಇದೆ. ಬರೆದಿದ್ದನ್ನ ಒಂದೊಂದೇ ಷರತ್ತು ಸೇರಿಸಿ ಸಣ್ಣ ಮಾಡ್ಬಹುದು. 1993ರಲ್ಲಿ ಸಂವಿಧಾನ ತಿದ್ದಿ, ಸುರಕ್ಷಿತ ದೇಶದ ಮೂಲಕ ಬಂದವ್ರಿಗೆ ಆ ಹಕ್ಕಿಲ್ಲ ಅಂದ್ರು. ಜರ್ಮನಿಯ ಸುತ್ತ ಇರೋದೆಲ್ಲ ಸುರಕ್ಷಿತ ದೇಶಗಳೇ. ಅಂದ್ರೆ ಆಕಾಶದಿಂದ ಇಳಿದ್ರೆ ಮಾತ್ರ ಹಕ್ಕು. ಆದ್ರೂ ಜಿನೀವಾ ಒಪ್ಪಂದ ಇದೆಯಲ್ಲ, ಅದ್ರಲ್ಲಿ 33ನೇ ವಿಧಿ ಇದೆ, ಜೀವಕ್ಕೆ ಸ್ವಾತಂತ್ರ್ಯಕ್ಕೆ ಅಪಾಯ ಇರೋ ಕಡೆಗೆ ಯಾರನ್ನೂ ವಾಪಸ್ ತಳ್ಳೋ ಹಾಗಿಲ್ಲ ಅಂತ, ಹಾಗಾಗಿ ಸಂವಿಧಾನದ ಹಕ್ಕಿಗಿಂತ ಎಷ್ಟೋ ಹೆಚ್ಚು ಜನಕ್ಕೆ ರಕ್ಷಣೆ ಸಿಗೋದು ಅದರಿಂದ. ಇಲ್ಲಿನ ರಾಜಕಾರಣಿ ಎಷ್ಟೇ ಕೂಗಾಡ್ಲಿ, ಕೊನೆಗೆ ಒಬ್ಬ ವಕೀಲ ಆ ಹಾಳೆ ತೆಗೆದು ಜಡ್ಜ್ ಮುಂದೆ ಇಡ್ಬಹುದು. ನಮ್ಮಲ್ಲಿ ಇಡೋಕೆ ಹಾಳೆಯೇ ಇಲ್ಲ. ನನ್ನ ಕೇಳಿದ್ರೆ ನಮ್ಮ ಜಗಲಿಗಿಂತ ಇವ್ರ ಹಾಳೆಯೇ ವಾಸಿ, ಬೆಲ್ಲ ನೀರು ಇಲ್ದಿದ್ರೂ.

ಆದ್ರೆ ಆ ಒಪ್ಪಂದದಲ್ಲಿ ಒಂದು ದೊಡ್ಡ ತೂತಿದೆ, ನಾನು ಇಷ್ಟುದ್ದ ಬರೀತಿರೋದೇ ಅದಕ್ಕೆ. ನಿನ್ನ ಬಾಗಿಲಿಗೆ ಬಂದವ್ನನ್ನ ತಳ್ಳಬೇಡ ಅನ್ನುತ್ತೆ, ಸರಿ. ಯಾರ ಬಾಗಿಲಿಗೆ ಎಷ್ಟು ಜನ ಅಂತ ಹೇಳಲ್ಲ. ಒಂದು ದೇಶದ ಮೇಲೆ ತುಂಬಾ ಹೊರೆ ಬೀಳಬಹುದು, ಅಂತರರಾಷ್ಟ್ರೀಯ ಸಹಕಾರ ಬೇಕು ಅಂತ ಪೀಠಿಕೆಯಲ್ಲಿ ಒಂದು ಸಾಲಿದೆ ಅಷ್ಟೇ. ಪೀಠಿಕೆ ಅಂದ್ರೆ ಮದುವೆ ಕಾಗದದ ಮೇಲೆ ಅಚ್ಚು ಹಾಕಿಸೋ ಶ್ಲೋಕದ ಹಾಗೆ, ಚೆನ್ನಾಗಿರುತ್ತೆ. ಇದರ ಫಲ ಏನು ಅಂದ್ರೆ ಪಕ್ಕದ ಮನೆಯವ್ನೇ ಹೊರಬೇಕು. 2024ರ ಕೊನೆಗೆ ಜಗತ್ತಲ್ಲಿ ಮನೆ ಬಿಟ್ಟು ಓಡಿದವ್ರ ಸಂಖ್ಯೆ 12 ಕೋಟಿ ದಾಟಿತ್ತು, ಅದ್ರಲ್ಲಿ ಗಡಿ ದಾಟಿದ ನಿರಾಶ್ರಿತರು 4 ಕೋಟಿಗೂ ಮೇಲೆ, ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಇರೋದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಅಪ್ಪಯ್ಯನ ವಾಟ್ಸಾಪ್ ವಿಡಿಯೋದಲ್ಲಿ ಇದಿರಲ್ಲ. ಉಗಾಂಡಾ ನೋಡಿ, 17 ಲಕ್ಷಕ್ಕೂ ಹೆಚ್ಚು ಜನರನ್ನ ಇಟ್ಕೊಂಡಿದೆ, ದಕ್ಷಿಣ ಸುಡಾನಿಂದ, ಕಾಂಗೋದಿಂದ ಬಂದವ್ರು, 2006ರ ಕಾನೂನಿನ ಪ್ರಕಾರ ಅವ್ರು ಕೆಲಸ ಮಾಡ್ಬಹುದು, ಓಡಾಡ್ಬಹುದು, ಬೇಸಾಯಕ್ಕೆ ಒಂದು ತುಂಡು ಜಮೀನೂ ಕೊಡ್ತಾರೆ. ಮುಂಡಗೋಡಿನ ಕೆಲಸವನ್ನೇ ಕಾನೂನು ಬರೆದು ಮಾಡಿದಾರೆ. ಅಲ್ಲಿಗೆ ಹೋಗ್ಬೇಕಾದ ರೇಷನ್ ದುಡ್ಡು ಶ್ರೀಮಂತ ದೇಶಗಳಿಂದ ಬರದೆ ಊಟದ ಪಾಲು ಕತ್ತರಿಸ್ತಾ ಬಂದಿದಾರೆ. ವಿಶ್ವಸಂಸ್ಥೆಯ ಏಜೆನ್ಸಿಗೆ ಬರೋ ದುಡ್ಡು ಹೆಚ್ಚೂಕಮ್ಮಿ ಪೂರ್ತಿ ದೇಶಗಳು ಮನಸ್ಸಿದ್ರೆ ಕೊಡೋದು, ಗಣಪತಿ ಚಂದಾ ಇದ್ದ ಹಾಗೆ, ಕೊಡ್ಲೇಬೇಕು ಅಂತಿಲ್ಲ. 2025ರಲ್ಲಿ ದೊಡ್ಡ ದಾನಿಗಳು ಕೈ ಎತ್ತಿದ್ದೇ ಸಾವಿರಾರು ನೌಕರರನ್ನ ಮನೆಗೆ ಕಳಿಸ್ಬೇಕಾಯ್ತು.

ಯುರೋಪಿನ ಒಳಗೂ ಇದೇ ಜಗಳ. ಡಬ್ಲಿನ್ ನಿಯಮ ಅಂತ ಒಂದಿದೆ, 1990ರಲ್ಲಿ ಆಗಿದ್ದು. ಅದರ ಮುಖ್ಯ ಮಾತು, ಮೊದಲು ಯಾವ ದೇಶಕ್ಕೆ ಕಾಲಿಟ್ರೋ ಅಲ್ಲೇ ನಿಮ್ಮ ಅರ್ಜಿ. ಆಗುಂಬೆ ಘಾಟಿ ಹತ್ತಿ ಬಂದವ್ರನ್ನೆಲ್ಲ ಘಾಟಿ ಮೇಲಿನ ಮೊದಲ ಮನೆಯವ್ರೇ ನೋಡ್ಕೊಳ್ಳಿ, ತೀರ್ಥಹಳ್ಳಿಯವ್ರಿಗೆ ಸಂಬಂಧ ಇಲ್ಲ ಅಂದ ಹಾಗೆ. ಗ್ರೀಸು, ಇಟಲಿ ಆ ಮೊದಲ ಮನೆ. ಅವ್ರು ಏನ್ ಮಾಡಿದ್ರು, ಬಂದವ್ರನ್ನ ನೋಡಿಯೂ ನೋಡದ ಹಾಗೆ ಮುಂದಿನ ಬಸ್ ಹತ್ತಿಸಿದ್ರು. 2015ರಲ್ಲಿ ಒಂದೇ ವರ್ಷ 9 ಲಕ್ಷದ ಹತ್ರ ಜನ ಜರ್ಮನಿಗೆ ಬಂದಾಗ ಗ್ರೀಸ್, ಇಟಲಿಯಿಂದ 1,60,000 ಜನರನ್ನ ಎಲ್ಲ ದೇಶಗಳಿಗೂ ಹಂಚೋಣ ಅಂತ ಯುರೋಪಿಯನ್ ಯೂನಿಯನ್ ತೀರ್ಮಾನ ಮಾಡ್ತು, ಕೊನೆಗೆ ಹಂಚಿದ್ದು 35 ಸಾವಿರದಷ್ಟು. ಹಂಗೇರಿ, ಪೋಲೆಂಡ್, ಚೆಕ್ ಗಣರಾಜ್ಯ ಮಾತು ಮುರಿದಿದ್ದು ತಪ್ಪು ಅಂತ 2020ರಲ್ಲಿ ಯುರೋಪಿನ ಕೋರ್ಟು ತೀರ್ಪು ಕೊಡ್ತು. ಅಷ್ಟೊತ್ತಿಗೆ ಸ್ಕೀಮೇ ಮುಗಿದಿತ್ತು. ನಮ್ಮ ಕೋರ್ಟುಗಳು ಮಾತ್ರ ತಡ ಅಂತ ಅಂದ್ಕೊಳ್ಳಬೇಡಿ.

ತಮಾಷೆ ಅಂದ್ರೆ ಹಂಚೋದು ಹೇಗೆ ಅಂತ ಜರ್ಮನಿಗೆ ಚೆನ್ನಾಗಿ ಗೊತ್ತು, ಮನೆಯೊಳಗೆ ದಿನಾ ಮಾಡ್ತಾರೆ. ಬಂದವ್ರನ್ನ 16 ರಾಜ್ಯಗಳಿಗೆ ಒಂದು ಸೂತ್ರದ ಮೇಲೆ ಹಂಚ್ತಾರೆ, ಆ ರಾಜ್ಯದ ತೆರಿಗೆ ಆದಾಯಕ್ಕೆ ಮೂರರಲ್ಲಿ ಎರಡು ಪಾಲು ತೂಕ, ಜನಸಂಖ್ಯೆಗೆ ಒಂದು ಪಾಲು. ದುಡ್ಡಿದ್ದವ್ನಿಗೆ ಜಾಸ್ತಿ. ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಹಳ್ಳಿಗೆ. ಗೊಣಗಾಟ ಇದ್ದೇ ಇರುತ್ತೆ, ನಮ್ಮೂರ ಸ್ಪೋರ್ಟ್ಸ್ ಹಾಲ್ ಯಾಕೆ ಕೊಟ್ರಿ ಅಂತ, ಆದ್ರೆ ನಮ್ಮ ರಾಜ್ಯಕ್ಕೆ ಬೇಡ್ವೇ ಬೇಡ ಅಂತ ಯಾರೂ ಎದ್ದು ಹೋಗೋ ಹಾಗಿಲ್ಲ.

ಅದಕ್ಕಿಂತ ಹಳೇದು ಇನ್ನೊಂದಿದೆ, ಅದನ್ನ ತಿಳ್ಕೊಂಡ ದಿನ ನಂಗೆ ರಾತ್ರಿ ಸರಿ ನಿದ್ದೆ ಬರ್ಲಿಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಪೂರ್ವದ ಕಡೆಯಿಂದ ಓಡಿಸಲ್ಪಟ್ಟ ಜರ್ಮನ್ನರು ಸುಮಾರು 1 ಕೋಟಿ 20 ಲಕ್ಷ. ಪಶ್ಚಿಮ ಜರ್ಮನಿಗೇ 80 ಲಕ್ಷದ ಹತ್ರ ಬಂದ್ರು. ಅದೇ ಭಾಷೆ, ಅದೇ ಜನ, ಆದ್ರೂ ಬವೇರಿಯಾದ ಹಳ್ಳಿಯವ್ರು ಮುಖ ಸಿಂಡರಿಸಿದ್ರು, ನಿರಾಶ್ರಿತರು ಅನ್ನೋ ಶಬ್ದವನ್ನೇ ಬೈಗುಳದ ಥರ ಬಳಸಿದ್ರು. ನನ್ನ ಮನೆ ಓನರ್ ಅಜ್ಜಿ ಆ ಥರ ಬಂದವ್ರ ಮಗಳು, ಅವ್ರ ಮನೇಲೂ ಒಂದು ಹಳೇ ಪೆಟ್ಟಿಗೆ ಇದೆ, ಅದ್ರಲ್ಲೂ ಕಾಗದಗಳು. ಆದ್ರೆ ಅವ್ರ ಪೆಟ್ಟಿಗೇಲಿ ಇರೋ ಕಾಗದಕ್ಕೆ ಬೆಲೆ ಬಂತು. 1952ರಲ್ಲಿ ಒಂದು ಕಾನೂನು ಮಾಡಿದ್ರು, ಹೊರೆ ಸರಿದೂಗಿಸೋದು ಅಂತಲೇ ಅದರ ಹೆಸರು. ಯುದ್ಧದಲ್ಲಿ ಮನೆ ಆಸ್ತಿ ಕಳ್ಕೊಳ್ಳದೆ ಉಳಿದವ್ರು 1948ರ ಜೂನಲ್ಲಿ ಅವ್ರ ಹತ್ರ ಇದ್ದ ಆಸ್ತಿ ಬೆಲೆಯ ಅರ್ಧದಷ್ಟನ್ನ ಮೂವತ್ತು ವರ್ಷದ ಕಂತಲ್ಲಿ ಕಟ್ಬೇಕು, ಆ ದುಡ್ಡು ಕಳ್ಕೊಂಡವ್ರಿಗೆ. 1979ರವರೆಗೂ ಕಟ್ಟಿದ್ರು. ಮುರಿದು ಬಿದ್ದ ದೇಶ ಅದು, ಹೊಟ್ಟೆಗಿರ್ಲಿಲ್ಲ. ಲಿಂಗನಮಕ್ಕಿ ಕರೆಂಟಲ್ಲಿ ಫ್ಯಾನ್ ತಿರುಗಿಸಿದ ಪ್ರತಿ ಮನೆಯಿಂದ ಬಿಲ್ಲಿನ ಜೊತೆ ನಾಲ್ಕಾಣೆ ಮುಳುಗಡೆಯವ್ರಿಗೆ ಅಂತ ತಗೊಂಡಿದ್ರೆ ಅಜ್ಜನ ಫೈಲು ಎಂದೋ ಮುಗೀತಿತ್ತು ಅಂತ ಆ ರಾತ್ರಿ ಲೆಕ್ಕ ಹಾಕ್ತಾ ಮಲಗಿದ್ದೆ.

ನಾವೂ ಮಾಡಿಲ್ಲ ಅಂತಲ್ಲ ಆದ್ರೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ 1 ಕೋಟಿ ಜನ ಭಾರತಕ್ಕೆ ಬಂದ್ರು. ಆಗ ಸರ್ಕಾರ ಟಪಾಲಿನ ಮೇಲೆ ನಿರಾಶ್ರಿತರ ಪರಿಹಾರ ಅಂತ 5 ಪೈಸೆ ತೆರಿಗೆ ಹಾಕ್ತು, ನವೆಂಬರಿಂದ, 1973ರ ಮಾರ್ಚ್‌ವರೆಗೂ ಇತ್ತು. ಹಳೇ ಕುಟುಂಬ ಯೋಜನೆ ಸ್ಟಾಂಪಿನ ಮೇಲೆ ರೆಫ್ಯೂಜಿ ರಿಲೀಫ್ ಅಂತ ಅಚ್ಚೊತ್ತಿ ಮಾರಿದ್ರು. ಹೋದ ವರ್ಷ ಊರಿಗೆ ಹೋದಾಗ ಅಜ್ಜನ ಫೈಲ್ ಬಿಚ್ಚಿ ನೋಡ್ತಾ ಇದ್ದೆ. 1972ರ ಒಂದು ಕವರು, ಹಕ್ಕುಪತ್ರ ಕೇಳಿ ಬರೆದಿದ್ದು, ವಿಳಾಸ ಸರಿಯಿಲ್ಲ ಅಂತ ವಾಪಸ್ ಬಂದಿದೆ. ಅದರ ಮೂಲೇಲಿ ಆ 5 ಪೈಸೆ ಸ್ಟಾಂಪು. ತನ್ನ ನೆಲದ ಕಾಗದಕ್ಕೆ ಅರ್ಜಿ ಹಾಕುವಾಗೆಲ್ಲ ನಮ್ಮಜ್ಜ ಢಾಕಾ ಕಡೆಯ ಯಾವುದೋ ಮನೆಯವ್ರ ಗಂಜಿಗೆ 5 ಪೈಸೆ ಕೊಟ್ಟಿದಾರೆ. ಅವ್ರಿಗೆ ಅದು ಗೊತ್ತಿತ್ತೋ ಇಲ್ವೋ. ಅಪ್ಪಯ್ಯಂಗೆ ತೋರ್ಸಿದೆ, "ಓ, ಆಗ ಹಾಗಿತ್ತು, ಎಲ್ರೂ ಕೊಡ್ತಿದ್ರು" ಅಂದ್ರು ಅಷ್ಟೇ, ಅದರಲ್ಲೇನು ವಿಶೇಷ ಅನ್ನೋ ಹಾಗೆ.

ಮುಯ್ಯಾಳು ಅಂತೀವಲ್ಲ, ಅದೇ ಇದು. ನೆಟ್ಟಿ ಸಮಯದಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು, ನಾಡಿದ್ದು ನಮ್ಮ ಗದ್ದೆಗೆ ನೀವು. ಯಾರೂ ಪುಸ್ತಕದಲ್ಲಿ ಬರೆದಿಡಲ್ಲ, ಆದ್ರೆ ಯಾರ ಮನೆಗೆ ಎಷ್ಟು ಆಳು ಬಾಕಿ ಅಂತ ಊರಿಗೆಲ್ಲ ಗೊತ್ತಿರುತ್ತೆ, ತಪ್ಪಿಸ್ಕೊಂಡವ್ನ ಗದ್ದೆ ಮುಂದಿನ ವರ್ಷ ಹಾಗೇ ಬಿದ್ದಿರುತ್ತೆ. ಈಗ ದೇಶಗಳು ಮಾಡ್ತಿರೋದು ಮುಯ್ಯಾಳಿಗೆ ಬರೋ ಬದ್ಲು ದುಡ್ಡು ಬಿಸಾಕೋದು. 2016ರಲ್ಲಿ ಟರ್ಕಿ ಜೊತೆ ಒಪ್ಪಂದ, 600 ಕೋಟಿ ಯೂರೋ, ಸಿರಿಯಾದವ್ರನ್ನ ಆಚೆಯೇ ಇಟ್ಕೊಳ್ಳಿ ಅಂತ. ಬ್ರಿಟನ್ ಅಂತೂ ತನ್ನಲ್ಲಿಗೆ ಬಂದವ್ರನ್ನ ರುವಾಂಡಾಕ್ಕೆ ಕಳಿಸ್ತೀನಿ ಅಂತ 2022ರಲ್ಲಿ ಹೊರಟಿತ್ತು, 2023ರಲ್ಲಿ ಅವ್ರ ಸುಪ್ರೀಂ ಕೋರ್ಟ್ ಬೇಡ ಅಂತು, 2024ರಲ್ಲಿ ಹೊಸ ಸರ್ಕಾರ ಬಂದು ಕೈಬಿಡ್ತು. 2024ರಲ್ಲಿ ಯುರೋಪು ಒಪ್ಕೊಂಡ ಹೊಸ ವಲಸೆ ಒಪ್ಪಂದ 2026ರ ಜೂನಿಂದ ಜಾರಿ ಅಂತ ಇಟ್ಟಿದಾರೆ, ಅದ್ರಲ್ಲೂ ಜನರನ್ನ ತಗೋಬಹುದು, ಇಲ್ಲಾ ತಲೆಗೆ 20 ಸಾವಿರ ಯೂರೋ ಕೊಡ್ಬಹುದು, ಇಲ್ಲಾ ಬೇರೆ ಸಹಾಯ ಮಾಡ್ಬಹುದು. ನಂಗೆ ಇದು ಪೂರ್ತಿ ಇಷ್ಟ ಆಗಿಲ್ಲ, ಗಡಿಯಲ್ಲೇ ಕೂಡಿ ಹಾಕಿ ಬೇಗ ಬೇಗ ತೀರ್ಮಾನ ಮಾಡೋ ಭಾಗ ಇದೆಯಲ್ಲ, ಆ ಒಂದು ದಿನದ ಮಾತಿನ ಮೇಲೆ ನಿಂತ ಕೇಸುಗಳು ಏನಾಗುತ್ತೆ ಅಂತ ನಮ್ಮ ಲೆಗ್‌ಸ್ಪಿನ್ನರನ್ನ ನೋಡಿದವ್ನಿಗೆ ಗೊತ್ತು. ಆದ್ರೆ ಏನೂ ಕೊಡದೆ ಕೂರೋ ಹಾಗಿಲ್ಲ ಅನ್ನೋದು ಮೊದಲ ಸಲ ಕಾನೂನಲ್ಲಿ ಬಂತು, ಅದು ಸಣ್ಣದಲ್ಲ. 2018ರಲ್ಲಿ ವಿಶ್ವಸಂಸ್ಥೆಯಲ್ಲಿ 181 ದೇಶಗಳು ಒಪ್ಪಿದ ನಿರಾಶ್ರಿತರ ಜಾಗತಿಕ ಒಡಂಬಡಿಕೆಗೆ ಅಷ್ಟೂ ಬಲ ಇಲ್ಲ, ಅದು ಕಾನೂನೇ ಅಲ್ಲ, ನಾಲ್ಕು ವರ್ಷಕ್ಕೊಮ್ಮೆ ಸೇರಿ ಭರವಸೆ ಕೊಡೋದು. ಭಾರತ ಅದಕ್ಕೆ ಹೂಂ ಅಂದಿದೆ, ಅಮೆರಿಕ ಮತ್ತು ಹಂಗೇರಿ ಊಹೂಂ ಅಂದ್ವು.

ಮನಸ್ಸು ಮಾಡಿದ್ರೆ ಆಗುತ್ತೆ ಅನ್ನೋದಕ್ಕೆ 2022ರ ಮಾರ್ಚ್ ಸಾಕ್ಷಿ. ಉಕ್ರೇನಿಂದ ಜನ ಬಂದಾಗ 2001ರಿಂದ ಬೀರುವಲ್ಲಿ ಧೂಳು ತಿಂತಿದ್ದ ಒಂದು ತಾತ್ಕಾಲಿಕ ರಕ್ಷಣೆ ನಿಯಮ ತೆಗೆದು ಯುದ್ಧ ಶುರುವಾಗಿ ಹತ್ತು ದಿನದೊಳಗೆ ಜಾರಿ ಮಾಡಿದ್ರು. ಇಂಟರ್ವ್ಯೂ ಇಲ್ಲ, ಪ್ರೂಫ್ ಇಲ್ಲ, ಯಾವ ದೇಶ ಬೇಕೋ ಅಲ್ಲಿಗೆ ಹೋಗಿ, ಮರುದಿನವೇ ಕೆಲಸ ಹುಡುಕಿ. ಯುರೋಪಲ್ಲಿ 40 ಲಕ್ಷಕ್ಕೂ ಮೇಲೆ, ಜರ್ಮನಿಯಲ್ಲೇ 10 ಲಕ್ಷ ದಾಟಿ ಬಂದ್ರು, ಆಕಾಶ ಬಿದ್ದಿಲ್ಲ. ನಮ್ಮ ಕ್ರಿಕೆಟ್ ಹುಡುಗರು ಅದನ್ನ ನೋಡಿದ್ರು. ಅವ್ರು ಏನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಇದಕ್ಕೆಲ್ಲ ಎದುರು ಮಾತೂ ಇದೆ, ಅದು ಸುಳ್ಳಲ್ಲ. ಎರ್ಲಾಂಗನಲ್ಲಿ ಬಾಡಿಗೆ ಮನೆ ಸಿಗೋದು ನಂಗೇ ಏಳು ತಿಂಗಳಾಯ್ತು. ಶಾಲೇಲಿ ಟೀಚರ್ ಸಾಕಾಗಲ್ಲ. ಊರವ್ರು ಕಷ್ಟ ಹೇಳ್ಕೊಂಡ್ರೆ ಎಲ್ರನ್ನೂ ಜನಾಂಗದ್ವೇಷಿ ಅನ್ನೋದು ನಂಗೆ ಸರಿ ಕಾಣಲ್ಲ. ನಮ್ಮ ಕಡೆ ಏನು ಕಮ್ಮಿ ಇದೆ, ಕಾಫಿ ತೋಟಕ್ಕೆ ಕೆಲಸಕ್ಕೆ ಬಂದ ಅಸ್ಸಾಮಿನ ಹುಡುಗನ್ನ ಬಾಂಗ್ಲಾದವ್ನಾ, ಆಧಾರ್ ತೋರ್ಸು ಅಂತ ನಿಲ್ಲಿಸ್ತೀವಿ, ಅವ್ನು ಇಲ್ದಿದ್ರೆ ತೋಟದ ಕೆಲಸ ನಿಲ್ಲುತ್ತೆ ಅಂತಲೂ ಗೊತ್ತು. ಹೊರೆ ಒಂದೇ ಕಡೆ ಬಿದ್ರೆ ಎಂಥ ಒಳ್ಳೇ ಊರೂ ಹುಳಿಯಾಗುತ್ತೆ, ಅದಕ್ಕೇ ಹಂಚೋ ಸೂತ್ರ ಬೇಕು ಅನ್ನೋದು. ದುಡ್ಡು, ಜನಸಂಖ್ಯೆ ನೋಡಿ ಪಾಲು. ಭಾರತದ ಪಾಲನ್ನೂ ಲೆಕ್ಕ ಹಾಕಲಿ, ಅರವತ್ತು ವರ್ಷದಲ್ಲಿ ನಾವು ಕೊಟ್ಟ ಮುಯ್ಯಾಳನ್ನೂ ಜಮಾ ಹಿಡೀಲಿ, ಆದ್ರೆ ಮೊದಲು ನಾವೊಂದು ಕಾನೂನು ಬರ್ಕೊಳ್ಳೋಣ, ಧರ್ಮ ಯಾವುದು ದೇಶ ಯಾವುದು ಅಂತ ಪಟ್ಟಿ ಮಾಡದೆ ಭಯ ನಿಜವಾ ಅಂತ ಮಾತ್ರ ಕೇಳೋ ಕಾನೂನು. ಪಾರ್ಲಿಮೆಂಟಲ್ಲಿ ಖಾಸಗಿ ಮಸೂದೆಗಳು ಬಂದಿವೆ, ಬಿದ್ದಿವೆ. ಅಪ್ಪಯ್ಯಂಗೆ ಇದನ್ನ ಹೇಳಿದ್ರೆ, "ಮೊದ್ಲು ನಮ್ದು ಬರೀಲಿ, ಆಮೇಲೆ ಅವ್ರದ್ದು" ಅಂತಾರೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಎರಡೂ ಒಟ್ಟಿಗೆ ಬರೀಬಹುದಲ್ಲ ಅಪ್ಪಯ್ಯ ಅಂದ್ರೆ, ಹೂಂ ಅಂತಾರೆ.

ಮೊನ್ನೆ ಶನಿವಾರ ಆಟ ಮುಗಿದ್ಮೇಲೆ ಮ್ಯಾಟ್ ಸುತ್ತುತ್ತಾ ಇದ್ವಿ. ಅಜ್ಜನ ಫೈಲಿನ ಕಥೆ ಒಂದ್ಸಲ ಹೇಳಿದ್ದೆ ನಮ್ಮ ಲೆಗ್‌ಸ್ಪಿನ್ನರಿಗೆ, ಆವತ್ತಿಂದ ಸಿಕ್ಕಿದಾಗೆಲ್ಲ ಕೇಳ್ತಾನೆ, "ನಿನ್ನಜ್ಜನ ಕಾಗದ ಬಂತಾ?" ಇಲ್ಲ ಅಂದೆ. ನಿಂದು? "ಮಾರ್ಚ್‌ಗೆ ಡೇಟ್ ಕೊಟ್ಟಿದಾರೆ" ಅಂದ. ಮ್ಯಾಟಿನ ಆ ತುದಿ ಅವ್ನು ಹಿಡ್ಕೊಂಡ, ಈ ತುದಿ ನಾನು, ಶೆಡ್ಡಿಗೆ ಹಾಕಿ ಬೀಗ ಹಾಕಿದ್ವಿ.